ಕಡಿಮೆ ಬೆಲೆಯ ವಿಡಿಯೊ ಗೇಮ್ ಫಿಗರ್‌ಗಳನ್ನು ಕೊಳ್ಳುವ ಮುನ್ನ ಏನೇನು ನೋಡಬೇಕು?

ತುಂಗಾತೀರ (ತೀರ್ಥಹಳ್ಳಿ):

ಎಲ್ಲರಿಗೂ ನಮಸ್ಕಾರ. ಗೇಮ್ ಪಾತ್ರಗಳ ಫಿಗರ್‌ಗಳನ್ನು (ಪ್ಲಾಸ್ಟಿಕ್‌ನ ಪುಟ್ಟ ಮೂರ್ತಿಗಳನ್ನು) ಸಂಗ್ರಹಿಸಬೇಕೆಂಬ ಆಸೆ ನನಗೆ ಬಹಳ ಕಾಲದಿಂದ ಇದೆ. ಒಂದಕ್ಕೆ ಎರಡು ಸಾವಿರ, ಹೆಚ್ಚೆಂದರೆ ಮೂರು ಸಾವಿರ ರೂಪಾಯಿ ಕೊಡಬಲ್ಲೆ. ಇಂಥವನ್ನು ಶಿವಮೊಗ್ಗದ ಅಂಗಡಿಗಳಲ್ಲಿ ಕೈಯಲ್ಲಿ ಹಿಡಿದು ನೋಡುವ ಅವಕಾಶ ಸಿಗುವುದು ಅಪರೂಪವಾದ್ದರಿಂದ, ಆನ್‌ಲೈನ್‌ನಲ್ಲಿ ಫೋಟೊ ನೋಡಿಯೇ ತೀರ್ಮಾನಕ್ಕೆ ಬರಬೇಕಾಗಿದೆ. ಒಂದೇ ಪಾತ್ರದ ಫಿಗರ್ ಒಂದು ಕಡೆ 600 ರೂಪಾಯಿಗೂ ಇನ್ನೊಂದು ಕಡೆ 3,000ಕ್ಕೂ ಕಾಣುತ್ತದೆ. ಮೆಗಾ ಮ್ಯಾನ್, ಸ್ಟ್ರೀಟ್ ಫೈಟರ್‌ನ ರ್‍ಯೂ, ಗಾಡ್ ಆಫ್ ವಾರ್‌ನ ಕ್ರೇಟೋಸ್ ಈ ಮೂವರು ನನ್ನ ಮನಸ್ಸಿನಲ್ಲಿದ್ದಾರೆ. ಜೊತೆಗೆ ನಮ್ಮದು ಹಳೆಯ ಹೆಂಚಿನ ಮನೆ; ಮಳೆಗಾಲದಲ್ಲಿ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುತ್ತದೆ. ಇಲ್ಲಿ ಫಿಗರ್‌ಗಳು ಕೆಡದೆ ಉಳಿಯುತ್ತವೆಯೇ?

ಗುಡ್ಡದ ಗೇಮರ್ (ಶಿವಮೊಗ್ಗ):

ಬೆಲೆಗಿಂತ ಮೊದಲು ಪಾತ್ರವನ್ನು ನೋಡಿ ಎಂಬುದು ನನ್ನ ಸಲಹೆ. ಕಡಿಮೆ ಬೆಲೆಯ ಫಿಗರ್‌ನಲ್ಲಿ ತಯಾರಕರು ಖರ್ಚು ಉಳಿಸುವುದು ಹೆಚ್ಚಾಗಿ ಬಣ್ಣದ ಕೆಲಸದಲ್ಲಿ, ಏಕೆಂದರೆ ಅಚ್ಚು ಒಮ್ಮೆ ತಯಾರಾದರೆ ಸಾವಿರಾರು ಪ್ರತಿ ಎರೆಯಬಹುದು, ಆದರೆ ಬಣ್ಣವನ್ನು ಪ್ರತಿಯೊಂದಕ್ಕೂ ಬೇರೆಯಾಗಿಯೇ ಹಚ್ಚಬೇಕು. ಮೆಗಾ ಮ್ಯಾನ್‌ನ ಮೈಯೆಲ್ಲ ಎರಡು ಬಗೆಯ ನೀಲಿ. ಆ ನೀಲಿಯನ್ನು ಪ್ಲಾಸ್ಟಿಕ್‌ನಲ್ಲೇ ಬೆರೆಸಿ ಎರೆದರೆ ಬಣ್ಣದ ಕೆಲಸ ಮುಖಕ್ಕಷ್ಟೇ ಉಳಿಯುತ್ತದೆ. ಸೋನಿಕ್, ಕರ್ಬಿ, ಮಾರಿಯೊ ಕೂಡ ಹಾಗೆಯೇ. ಕ್ರೇಟೋಸ್‌ನ ವಿಷಯ ಬೇರೆ. ಬೂದಿ ಬಣ್ಣದ ಚರ್ಮ, ಕಣ್ಣಿನ ಮೇಲೆ ಹಾದುಹೋಗುವ ಗಾಯದ ಗೆರೆ, ಕೆಂಪು ಹಚ್ಚೆ, ಗಡ್ಡ ಇವೆಲ್ಲವೂ ನಿಲ್ಲುವುದು ನೆರಳು-ಬೆಳಕಿನ ಬಣ್ಣಗಾರಿಕೆಯ ಮೇಲೆ. ಅದಿಲ್ಲದಿದ್ದರೆ ಪಾತ್ರವೇ ಉಳಿಯುವುದಿಲ್ಲ. ನಿಮ್ಮ ಬಜೆಟ್‌ನಲ್ಲಿ ಅವನನ್ನು ಸದ್ಯಕ್ಕೆ ಕೈಬಿಡುವುದು ಒಳ್ಳೆಯದು.

ರ್‍ಯೂ ಈ ಇಬ್ಬರ ಮಧ್ಯದಲ್ಲಿ ನಿಲ್ಲುತ್ತಾನೆ. ಜಾಡಾ ಟಾಯ್ಸ್ 2023ರಲ್ಲಿ ತಂದ ಆರು ಇಂಚಿನ ರ್‍ಯೂ ಜೊತೆಗೆ ಬದಲಿ ತಲೆ, ಬದಲಿ ಕೈಗಳು ಮತ್ತು ಹಡೋಕೆನ್‌ನ (ಅವನು ಅಂಗೈಗಳಿಂದ ಎಸೆಯುವ ಶಕ್ತಿಯ ಉಂಡೆ) ಅರೆಪಾರದರ್ಶಕ ತುಣುಕು ಬರುತ್ತವೆ. ಅದರ ಬೆಲೆಗೆ ಇಷ್ಟು ಚೆನ್ನಾಗಿ ಬಾಗುವ ಮೊಣಕಾಲು, ಭುಜಗಳು ಸಿಗುವುದು ಕಷ್ಟ. ಒಂದೇ ಭಂಗಿಯಲ್ಲಿ ನಿಲ್ಲುವ ಫಿಗರ್ ಸಾಕೆನ್ನುವುದಾದರೆ ಗುಡ್ ಸ್ಮೈಲ್ ಕಂಪನಿಯು 2019ರಲ್ಲಿ ಆರಂಭಿಸಿದ ಪಾಪ್ ಅಪ್ ಪರೇಡ್ ಸರಣಿಯನ್ನು ನೋಡಬಹುದು. ಹೆಚ್ಚಿನವು 17–18 ಸೆಂಟಿಮೀಟರ್ ಎತ್ತರದವು, ಮೊದಲಿನವುಗಳಿಗೆ ಜಪಾನಿನಲ್ಲಿ 3,900 ಯೆನ್ ಬೆಲೆ ಇತ್ತು. ಅದೇ ಕಂಪನಿಯ ನೆಂಡೊರಾಯ್ಡ್‌ಗಳು ಸುಮಾರು 10 ಸೆಂಟಿಮೀಟರ್‌ನವು, ದೊಡ್ಡ ತಲೆಯ ಪುಟ್ಟ ಫಿಗರ್‌ಗಳು, ಬಹಳ ಅಂದ. ಆದರೆ ನಮ್ಮಲ್ಲಿಗೆ ಬರುವಷ್ಟರಲ್ಲಿ ನೀವು ಹೇಳಿದ ಮಿತಿಯನ್ನು ದಾಟಿರುತ್ತವೆ. ಜಪಾನಿನ ಕ್ರೇನ್ ಯಂತ್ರಗಳಲ್ಲಿ (ಕೊಕ್ಕೆಯಿಂದ ವಸ್ತುವನ್ನು ಎತ್ತಿ ಗೆಲ್ಲುವ ಆಟದ ಯಂತ್ರಗಳು) ಬಹುಮಾನವಾಗಿ ಇಡಲೆಂದೇ ಬಾನ್‌ಪ್ರೆಸ್ಟೊ, ಸೆಗಾ, ಟೈಟೊ, ಫುರ್‍ಯೂ ಮುಂತಾದ ಕಂಪನಿಗಳು ಮಾಡುವ ಪ್ರೈಜ್ ಫಿಗರ್‌ಗಳೂ ಇವೆ. ಇವುಗಳಲ್ಲಿ ಕೂದಲಿನ ಜೋಡಣೆಯ ಗೆರೆ ಎದ್ದು ಕಾಣಬಹುದು, ಆದರೆ ಮುಖ ಅನೇಕ ವೇಳೆ ದುಬಾರಿ ಫಿಗರ್‌ಗೆ ಸರಿಸಮನಾಗಿರುತ್ತದೆ.

ಗಂಧದ ಕೊರಡು (ಸಾಗರ):

600 ಮತ್ತು 3,000ದ ವ್ಯತ್ಯಾಸದ ಬಗ್ಗೆ ಹೇಳುತ್ತೇನೆ. ಅಷ್ಟು ಅಂತರವಿದ್ದರೆ ಅಗ್ಗದ್ದು ಬಹುಮಟ್ಟಿಗೆ ನಕಲಿ. ನಕಲಿ ಮಾರುವವರು ಅಸಲಿ ತಯಾರಕರ ಪ್ರಚಾರದ ಫೋಟೊವನ್ನೇ ಹಾಕುವುದರಿಂದ ಪುಟದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಆದ್ದರಿಂದ ಪೆಟ್ಟಿಗೆಯ ಹಿಂಬದಿಯ ಫೋಟೊ ಕಳಿಸುವಂತೆ ಕೇಳಿ. ಅಲ್ಲಿ ತಯಾರಕರ ಹೆಸರೂ ಗೇಮ್‌ನ ಹಕ್ಕುದಾರರ ಹೆಸರೂ ಸ್ಪಷ್ಟವಾಗಿ ಅಚ್ಚಾಗಿರಬೇಕು. ಮೆಗಾ ಮ್ಯಾನ್, ರ್‍ಯೂ ಇಬ್ಬರಿಗೂ ಅದು ಕ್ಯಾಪ್‌ಕಾಮ್. ಫೋಟೊ ಕಳಿಸಲು ಹಿಂದೇಟು ಹಾಕುವವರಿಂದ ಕೊಳ್ಳಬೇಡಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಆದರೆ 15 ವರ್ಷ ಮೇಲ್ಪಟ್ಟವರಿಗೆ ಎಂದು ಮುದ್ರಿಸಿರುವ ಸಂಗ್ರಹದ ಫಿಗರ್‌ನಲ್ಲಿ ಆ ಗುರುತು ಇಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ನಕಲಿ ಎನ್ನಲಾಗದು.

ನಮ್ಮ ಸಾಗರ-ಸೊರಬದ ಗುಡಿಗಾರರ ಗಂಧದ ಕೆತ್ತನೆಯನ್ನು ನೋಡುತ್ತ ಬೆಳೆದವನಾದ್ದರಿಂದ, ಯಾವ ಮೂರ್ತಿಯನ್ನು ಕಂಡರೂ ನನ್ನ ಕಣ್ಣು ಮೊದಲು ಬೆರಳುಗಳ ಕಡೆಗೂ ಬೆನ್ನಿನ ಕಡೆಗೂ ಹೋಗುತ್ತದೆ. ಫಿಗರ್‌ಗಳಲ್ಲೂ ಅದೇ ಪರೀಕ್ಷೆ ನಡೆಯುತ್ತದೆ. ಅಸಲಿಯ ಮುಷ್ಟಿಯಲ್ಲಿ ಬೆರಳುಗಳ ನಡುವಿನ ಗೀರು ಆಳವಾಗಿ, ಬೇರೆಬೇರೆಯಾಗಿ ಕಾಣುತ್ತದೆ. ಅಸಲಿಯಿಂದಲೇ ಅಚ್ಚು ತೆಗೆದು ಎರೆದ ನಕಲಿಯಲ್ಲಿ ಆ ಗೀರು ಮೊಂಡಾಗಿ ತುಂಬಿಕೊಂಡಿರುತ್ತದೆ, ಚರ್ಮ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಅಸಲಿಯ ಕಣ್ಣನ್ನು ಸಾಮಾನ್ಯವಾಗಿ ಮೃದುವಾದ ಸಿಲಿಕೋನ್ ಮೆತ್ತೆಯಿಂದ ಒತ್ತಿ ಮುದ್ರಿಸಿರುತ್ತಾರೆ. ಅದು ಕೂದಲೆಳೆಯಷ್ಟು ಸರಿದರೂ ದೃಷ್ಟಿ ಓರೆಯಾಗುತ್ತದೆ, ಹೀಗಾಗಿ ಮುಖದ ಹತ್ತಿರದ ಫೋಟೊ ಇಲ್ಲದೆ ಹಣ ಕಳಿಸಬೇಡಿ.

ಕ್ರೇಟೋಸ್‌ನನ್ನು ಪೂರ್ತಿ ಕೈಬಿಡಬೇಕೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಫಂಕೊ ಪಾಪ್‌ನಂಥ ದೊಡ್ಡ ತಲೆಯ, ಗುಂಡು ಕಣ್ಣಿನ ರೂಪದಲ್ಲಿ ಆ ಹಚ್ಚೆ ಒಂದು ಚಪ್ಪಟೆ ಕೆಂಪು ಪಟ್ಟೆಯಾಗುತ್ತದೆ, ನೆರಳಿನ ಬಣ್ಣ ಬೇಕಾಗುವುದೇ ಇಲ್ಲ.

ಶರಾವತಿ ಹಿನ್ನೀರು (ಹೊಸನಗರ):

ಮಳೆಯ ಪ್ರಶ್ನೆಗೆ ಉತ್ತರ ಬರೆಯುತ್ತೇನೆ, ನಮ್ಮೂರಿನವರಿಗೆ ಇದೇ ದೊಡ್ಡ ಪ್ರಶ್ನೆ. ಹೆಚ್ಚಿನ ಫಿಗರ್‌ಗಳು ಪಿವಿಸಿ ಎಂಬ ಪ್ಲಾಸ್ಟಿಕ್‌ನವು. ಪಿವಿಸಿ ಸ್ವಭಾವತಃ ಗಡಸು. ಅದನ್ನು ಮೆದು ಮಾಡಲು ಬೆರೆಸಿದ ಪ್ಲಾಸ್ಟಿಸೈಜರ್ ಕಾಲಕ್ರಮೇಣ ಮೇಲ್ಮೈಗೆ ಒಸರಿ ಜಿಗುಟಾಗುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಈ ಜಿಗುಟು ಹೆಚ್ಚು. ಅದಕ್ಕೆ ಧೂಳು ಅಂಟುತ್ತದೆ, ಆಷಾಢದ ತೇವಕ್ಕೆ ಆ ಧೂಳಿನ ಮೇಲೆ ಬೂಷ್ಟು ಬರುತ್ತದೆ. ಬಂದರೂ ಹೆದರಬೇಕಾಗಿಲ್ಲ: ಪಾತ್ರೆ ತೊಳೆಯುವ ಸಾಬೂನಿನ ದ್ರವವನ್ನು ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಹಾಕಿ, ಮೆದು ಬ್ರಷ್‌ನಿಂದ ಉಜ್ಜಿ, ನೆರಳಿನಲ್ಲಿ ಒಣಗಿಸಿದರೆ ಸಾಕು. ನಿಂಟೆಂಡೊ ಕಂಪನಿಯ ಅಮೀಬೊ ಫಿಗರ್‌ಗಳಂತೆ ಒಳಗೆ ಚಿಪ್ ಇರುವವನ್ನು ಮಾತ್ರ ನೀರಿನಲ್ಲಿ ಮುಳುಗಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ಅಟ್ಟದಲ್ಲಿ ಖಂಡಿತ ಇಡಬೇಡಿ. ಏಪ್ರಿಲ್ ತಿಂಗಳಲ್ಲಿ ಹೆಂಚಿನ ಕೆಳಗಿನ ಸೆಕೆಗೆ ಸಪೂರ ಕಾಲುಗಳು ಮೆಲ್ಲನೆ ವಾಲುತ್ತವೆ. ಹೊರಗೋಡೆಗೆ ತಾಗದ ಗಾಜಿನ ಕಪಾಟು ಒಳ್ಳೆಯದು. ಅದರಲ್ಲಿ ಸಿಲಿಕಾ ಜೆಲ್ ಇಟ್ಟರೆ, ನೀಲಿ ಹರಳುಗಳು ತೇವ ಹೀರಿ ಗುಲಾಬಿಯಾದಾಗ ತೆಗೆದು ಬಿಸಿ ಮಾಡಿ, ಮತ್ತೆ ನೀಲಿಯಾದ ಮೇಲೆ ಬಳಸಬಹುದು. ನಮ್ಮಲ್ಲಿ ಫಿಗರ್‌ಗಿಂತ ಮೊದಲು ಕೆಡುವುದು ರಟ್ಟಿನ ಪೆಟ್ಟಿಗೆ, ಮುಂದೆ ಮಾರುವ ಯೋಚನೆ ಇದ್ದರೆ ಅದನ್ನು ಬೇರೆಯಾಗಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡಿ.

ತುಂಗಾತೀರ (ತೀರ್ಥಹಳ್ಳಿ):

ಎಲ್ಲರಿಗೂ ಕೃತಜ್ಞತೆಗಳು. ಮೊದಲು ಮೆಗಾ ಮ್ಯಾನ್, ಆಮೇಲೆ ರ್‍ಯೂ ಎಂದು ನಿರ್ಧರಿಸಿದ್ದೇನೆ. ಬಾಗುವ ಫಿಗರ್ ಕೈಗೆ ಬಂದ ಕೂಡಲೇ ಪರೀಕ್ಷಿಸಬೇಕಾದದ್ದು ಏನು?

ಗುಡ್ಡದ ಗೇಮರ್ (ಶಿವಮೊಗ್ಗ):

ಪೆಟ್ಟಿಗೆ ತೆರೆಯುವುದನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ, ವಾಪಸು ಕೊಡಬೇಕಾಗಿ ಬಂದರೆ ಅದು ಬೇಕಾಗುತ್ತದೆ. ಪಾದದ ಕೀಲನ್ನು ಮೊದಲು ನೋಡಿ. ಅದು ಸಡಿಲವಾದರೆ ಉಳಿದದ್ದೆಲ್ಲ ಸರಿಯಿದ್ದರೂ ಫಿಗರ್ ನಿಲ್ಲುವುದಿಲ್ಲ. ಯಾವುದಾದರೂ ಕೀಲು ಬಿಗಿಯಾಗಿ ಅಂಟಿಕೊಂಡಿದ್ದರೆ ಬಲವಂತವಾಗಿ ತಿರುಗಿಸಬೇಡಿ, ಒಳಗಿನ ಕಡ್ಡಿ ಮುರಿಯುತ್ತದೆ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಹೊತ್ತು ಬಿಸಿಗಾಳಿ ಕೊಟ್ಟು, ಕೀಲಿನ ಎರಡೂ ಬದಿಯನ್ನು ಹತ್ತಿರದಿಂದ ಹಿಡಿದು, ನಿಧಾನವಾಗಿ ಹಿಂದೆ ಮುಂದೆ ಆಡಿಸಿ. ರ್‍ಯೂನ ಬಿಳಿ ಉಡುಪು ಬಿಸಿಲಿಗೆ ಹಳದಿಯಾಗಬಹುದು, ಅವನನ್ನು ಕಿಟಕಿಯಿಂದ ದೂರ ಇಡಿ.