‘ಅನುದಾನ’, ‘ಪಾಲುದಾರಿಕೆ’, ‘ವಂತಿಗೆ’: ದೇಶಗಳು ಕೂಡಿ ನಡೆಸುವ ಕ್ವಾಂಟಮ್ ಸಂಶೋಧನೆಯ ಹಣಕ್ಕೆ ಯಾವ ಪದ?

ಮಾನ್ಯರೇ,

ಪರಮಾಣುಗಳಂಥ ಅತಿಸೂಕ್ಷ್ಮ ಕಣಗಳ ಗುಣಗಳನ್ನು ಬಳಸಿಕೊಳ್ಳುವ ಕ್ವಾಂಟಮ್ ತಂತ್ರಜ್ಞಾನಗಳಲ್ಲಿ ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಕೂಡಿ ನಡೆಸುವ ಸಂಶೋಧನೆಗೆ ಸರ್ಕಾರಗಳು ಹೇಗೆ ಹಣ ಒದಗಿಸುತ್ತವೆ ಎಂಬುದನ್ನು ಕುರಿತು ಸಾಮಾನ್ಯ ಓದುಗರಿಗಾಗಿ ಒಂದು ಲೇಖನ ಸಿದ್ಧಪಡಿಸುತ್ತಿದ್ದೇನೆ. ವಿಜ್ಞಾನದ ಭಾಗ ಅಷ್ಟೇನೂ ಕಾಡಲಿಲ್ಲ. ಕ್ವಾಂಟಮ್ ಗಣಕದಲ್ಲಿ ಮಾಹಿತಿಯ ಮೂಲ ಘಟಕವಾದ ಕ್ಯೂಬಿಟ್ಟನ್ನು ಕ್ಯೂಬಿಟ್ ಎಂದೇ ಬರೆದೆ, ‘ಶಕಲ’ ಎಂಬ ಕನ್ನಡದ ಪದವನ್ನು ಬಿಟ್ಟು ಕ್ವಾಂಟಮ್ ಎಂಬುದನ್ನೇ ಉಳಿಸಿಕೊಂಡೆ, ಅದರ ಬಗ್ಗೆ ನಮ್ಮ ಈ ಬಳಗದಲ್ಲಿ ಮತ್ತೆ ಚರ್ಚೆ ಎಬ್ಬಿಸುವ ಉದ್ದೇಶವೂ ನನಗಿಲ್ಲ. ಕಾಡಿದ್ದು ಹಣದ ಭಾಗ. ಫಂಡಿಂಗ್, ಗ್ರ್ಯಾಂಟ್, ಪಾರ್ಟ್‌ನರ್‌ಶಿಪ್, ಕೊಲ್ಯಾಬರೇಶನ್ ಎಂಬ ನಾಲ್ಕು ಮಾತುಗಳಿಗೆ ನಮ್ಮಲ್ಲಿ ಹತ್ತಾರು ಪದಗಳಿದ್ದರೂ ಒಂದೊಂದು ಪದವೂ ಈಗಾಗಲೇ ಯಾವುದಾದರೊಂದು ಇಲಾಖೆಗೋ ಕಾಯಿದೆಗೋ ಆಮಂತ್ರಣ ಪತ್ರಿಕೆಗೋ ಅಂಟಿಕೊಂಡಿರುವುದರಿಂದ, ಯಾವುದನ್ನು ಎತ್ತಿಕೊಂಡರೂ ಅದರ ಹಳೆಯ ವಾಸನೆ ಜೊತೆಯಲ್ಲೇ ಬರುತ್ತದೆ.

ಪದಕ್ಕೆ ಹೋಗುವ ಮೊದಲು ಪದಾರ್ಥವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ನನ್ನ ಪ್ರಶ್ನೆ ಹುಟ್ಟಿದ್ದೇ ಅಲ್ಲಿ. ಐರೋಪ್ಯ ಒಕ್ಕೂಟವು 2018ರಲ್ಲಿ ಕ್ವಾಂಟಮ್ ಫ್ಲಾಗ್‌ಶಿಪ್ ಎಂಬ ಹತ್ತು ವರ್ಷಗಳ, 100 ಕೋಟಿ ಯೂರೋ ಪ್ರಮಾಣದ ಕಾರ್ಯಕ್ರಮವನ್ನು ಆರಂಭಿಸಿತು. ಅದರ ಮೊದಲ ಹಂತದಲ್ಲಿ ಆಯ್ಕೆಯಾದ 20 ಯೋಜನೆಗಳಿಗೆ 13.2 ಕೋಟಿ ಯೂರೋ ದೊರೆಯಿತು. ಹಣ ಬಂದದ್ದು ಒಕ್ಕೂಟದ ಹೊರೈಜನ್ 2020 ಎಂಬ ಕಾರ್ಯಕ್ರಮದಿಂದ, ಅಂದರೆ ಒಂದೇ ಬೊಕ್ಕಸದಿಂದ. ಅದೇ ಐರೋಪ್ಯ ನೆಲದಲ್ಲಿ ಕ್ವಾಂಟ್‌ಎರಾ ಎಂಬ ಇನ್ನೊಂದು ಜಾಲವಿದೆ. ಪೋಲೆಂಡಿನ ರಾಷ್ಟ್ರೀಯ ವಿಜ್ಞಾನ ಕೇಂದ್ರವು ಇದನ್ನು ಸಂಯೋಜಿಸುತ್ತದೆ. ಇಲ್ಲಿ ಕನಿಷ್ಠ ಮೂರು ದೇಶಗಳ ತಂಡಗಳು ಸೇರಿ ಒಂದೇ ಅರ್ಜಿ ಸಲ್ಲಿಸಬೇಕು. ಅರ್ಜಿಗಳನ್ನು ಒಂದೇ ಅಂತಾರಾಷ್ಟ್ರೀಯ ತಜ್ಞರ ಮಂಡಳಿ ತೂಗಿನೋಡುತ್ತದೆ. ಆದರೆ ಆಯ್ಕೆಯಾದ ಮೇಲೆ ಪ್ರತಿಯೊಂದು ದೇಶದ ಹಣಕಾಸು ಸಂಸ್ಥೆಯೂ ತನ್ನದೇ ದೇಶದ ವಿಜ್ಞಾನಿಗಳಿಗೆ, ತನ್ನದೇ ನಿಯಮಗಳ ಪ್ರಕಾರ ಹಣ ಕೊಡುತ್ತದೆ. ಒಕ್ಕೂಟವೂ ಮೇಲಿಂದ ಒಂದಷ್ಟು ಸೇರಿಸುತ್ತದೆಯಾದರೂ, ಮೂಲತಃ ಪೋಲೆಂಡಿನ ಹಣ ಪೋಲೆಂಡಿನಲ್ಲಿ ಮತ್ತು ಸ್ಪೇನಿನ ಹಣ ಸ್ಪೇನಿನಲ್ಲಿ ಖರ್ಚಾಗುತ್ತದೆ. ಕೆಲಸ ಗಡಿ ದಾಟುತ್ತದೆ, ಹಣ ದಾಟುವುದಿಲ್ಲ. ಬ್ರಿಟನ್ ಮತ್ತು ಕೆನಡಾ ಕೂಡಿ ಕ್ವಾಂಟಮ್ ಯೋಜನೆಗಳಿಗೆ ಅರ್ಜಿ ಕರೆದಾಗಲೂ ಬ್ರಿಟನ್ನಿನ ಸಂಶೋಧನಾ ಹಣಕಾಸು ಸಂಸ್ಥೆಯಾದ ಯುಕೆಆರ್‌ಐ ತನ್ನ ಕಡೆಯವರಿಗೂ ಕೆನಡಾದ ಅಂಥದೇ ಸಂಸ್ಥೆಯಾದ ಎನ್‌ಎಸ್‌ಇಆರ್‌ಸಿ ತನ್ನ ಕಡೆಯವರಿಗೂ ಕೊಡುವ ಏರ್ಪಾಡೇ ಇತ್ತು.

ಈ ಎರಡು ಬಗೆಗಳನ್ನೂ ಕನ್ನಡದಲ್ಲಿ ‘ಅಂತಾರಾಷ್ಟ್ರೀಯ ಸಂಶೋಧನಾ ಪಾಲುದಾರಿಕೆಗೆ ಅನುದಾನ’ ಎಂದು ಬರೆದುಬಿಟ್ಟರೆ ವ್ಯಾಕರಣದ ತಪ್ಪೇನೂ ಆಗುವುದಿಲ್ಲ, ಆದರೆ ಎರಡನೆಯ ಬಗೆಯ ಮಟ್ಟಿಗೆ ಆ ವಾಕ್ಯ ಓದುಗರ ದಾರಿ ತಪ್ಪಿಸುತ್ತದೆ. ‘ಪಾಲುದಾರಿಕೆಗೆ’ ಎಂಬ ಚತುರ್ಥಿಯನ್ನು ಕಂಡ ಕೂಡಲೇ ಹಣವು ಪಾಲುದಾರಿಕೆ ಎಂಬ ಒಂದು ಘಟಕದ ಕೈಗೆ ಹೋಯಿತು, ಅಲ್ಲಿಂದ ಹಂಚಿಕೆಯಾಯಿತು ಎಂದು ಕನ್ನಡದ ಕಿವಿ ಅರ್ಥಮಾಡಿಕೊಳ್ಳುತ್ತದೆ. ವಾಸ್ತವದಲ್ಲಿ ಹಣ ಹೋದದ್ದು ಪಾಲುದಾರರಿಗೆ, ಅದೂ ಒಬ್ಬೊಬ್ಬರಿಗೆ ಅವರವರ ಮನೆಯಿಂದ. ಯಾರು, ಯಾರಿಗೆ ಎಂಬುದನ್ನು ಹೇಳದೆ ನುಸುಳಿಕೊಳ್ಳಲು ‘ರಿಸರ್ಚ್ ಪಾರ್ಟ್‌ನರ್‌ಶಿಪ್ ಫಂಡಿಂಗ್’ ಎಂಬಂಥ ಇಂಗ್ಲಿಷ್ ಪದಗುಚ್ಛಕ್ಕೆ ಅವಕಾಶವಿದೆ; ವಿಭಕ್ತಿ ಹಚ್ಚಲೇಬೇಕಾದ ನಮಗೆ ಆ ಅವಕಾಶವಿಲ್ಲ. ನನಗೆ ಇದು ಕನ್ನಡದ ಕೊರತೆಯಾಗಿ ಕಾಣುವುದಿಲ್ಲ.

ಈಗ ‘ಅನುದಾನ’. ಅನುದಾನಿತ ಶಾಲೆ, ಅನುದಾನರಹಿತ ಶಾಲೆ, ಶಾಸಕರ ಅನುದಾನ, ಹದಿನೈದನೇ ಹಣಕಾಸು ಆಯೋಗದ ಅನುದಾನ ಎಂಬ ಬಳಕೆಗಳಲ್ಲೆಲ್ಲ ಹಣ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಪದದೊಳಗೆ ‘ದಾನ’ ಕುಳಿತಿರುವುದು ಇದಕ್ಕೆ ಕಾರಣವೋ ಅಥವಾ ಆಡಳಿತದ ರೂಢಿ ಕಾರಣವೋ, ಅಂತೂ ಸಮಾನರ ನಡುವಿನ ವ್ಯವಹಾರಕ್ಕೆ ಆ ಪದ ಒಗ್ಗುವುದಿಲ್ಲ. ‘ಧನಸಹಾಯ’ ಇದಕ್ಕಿಂತ ಹದವಾಗಿದೆ. ಹಿಂದಿಯಲ್ಲಿ ‘ವಿಶ್ವವಿದ್ಯಾಲಯ ಅನುದಾನ ಆಯೋಗ’ ಎನಿಸಿಕೊಳ್ಳುವ ಸಂಸ್ಥೆಯನ್ನೇ ನಾವು ಕನ್ನಡದಲ್ಲಿ ಬಹುಕಾಲದಿಂದ ‘ಧನಸಹಾಯ ಆಯೋಗ’ ಎನ್ನುತ್ತ ಬಂದಿದ್ದೇವೆ ಎಂಬುದನ್ನು ಗಮನಿಸಬೇಕು. ಹೀಗಾಗಿ ಉನ್ನತ ಶಿಕ್ಷಣ, ಸಂಶೋಧನೆಗಳ ಸಂದರ್ಭದಲ್ಲಿ ಗ್ರ್ಯಾಂಟ್ ಎಂಬುದಕ್ಕೆ ‘ಧನಸಹಾಯ’ ಎನ್ನಲು ನಮಗೆ ನಮ್ಮದೇ ಆಧಾರವಿದೆ. ಆದರೆ ಇದನ್ನು ತಿರುಗಿಸಿ ‘ಸಹಾಯಧನ’ ಎಂದು ಬರೆಯುವುದನ್ನು ಮಾತ್ರ ಬಿಡಬೇಕು. ಅದೇ ಎರಡು ಪದಗಳು ಹಿಂದುಮುಂದಾದ ಮಾತ್ರಕ್ಕೆ ಓದುಗರ ಕಣ್ಣ ಮುಂದೆ ಪ್ರಯೋಗಾಲಯ ಹೋಗಿ ಹನಿ ನೀರಾವರಿಯ ಪೈಪು, ಪವರ್ ಟಿಲ್ಲರು ಬಂದು ನಿಲ್ಲುತ್ತವೆ.

‘ಪಾಲುದಾರಿಕೆ’ಯ ತೊಡಕು ಬೇರೆ. 1932ರ ಭಾರತೀಯ ಪಾಲುದಾರಿಕೆ ಕಾಯಿದೆಯ ವ್ಯಾಖ್ಯೆಯಂತೆ ಪಾಲುದಾರಿಕೆ ಎಂದರೆ ವ್ಯಾಪಾರದ ಲಾಭವನ್ನು ಹಂಚಿಕೊಳ್ಳಲು ಒಪ್ಪಿಕೊಂಡವರ ನಡುವಿನ ಸಂಬಂಧ. ಸಂಶೋಧನೆಯಲ್ಲಿ ಹಂಚಿಕೊಳ್ಳಲು ಲಾಭವಿರುವುದಿಲ್ಲ. ಇರುವುದು ಫಲಿತಾಂಶ, ಪ್ರಬಂಧಗಳಲ್ಲಿ ಹೆಸರು, ಒಮ್ಮೊಮ್ಮೆ ಪೇಟೆಂಟು. ಇದಕ್ಕೆ ಒಂದು ವಿನಾಯಿತಿ ಕೊಡಬೇಕಾಗುತ್ತದೆ. 2010ರಲ್ಲಿ ಆರಂಭವಾದ ಇಂಡೋ-ಜರ್ಮನ್ ವಿಜ್ಞಾನ ಮತ್ತು ತಂತ್ರಜ್ಞಾನ ಕೇಂದ್ರವು ‘2+2’ ಎಂಬ ಮಾದರಿಯನ್ನು ಅನುಸರಿಸುತ್ತದೆ: ಪ್ರತಿಯೊಂದು ದೇಶದಿಂದ ಒಂದು ಸಂಶೋಧನಾ ಸಂಸ್ಥೆ ಮತ್ತು ಒಂದು ಉದ್ಯಮ. ಅಲ್ಲಿ ಕಂಪನಿಗಳೂ ಇರುವುದರಿಂದ ‘ಪಾಲುದಾರ’ ಎಂದರೆ ತಪ್ಪಿಲ್ಲ. ಇಬ್ಬರು ಪ್ರಾಧ್ಯಾಪಕರು ಕೂಡಿ ಸಿಲುಕುಸ್ಥಿತಿಯ ಫೋಟಾನುಗಳ (ಬೆಳಕಿನ ಕಣಗಳ) ಮೇಲೆ ಪ್ರಯೋಗ ನಡೆಸಿದರೆ ಅವರನ್ನು ಪಾಲುದಾರರು ಎನ್ನಲು ನನಗೇಕೋ ಮನಸ್ಸು ಬಾರದು. ಅಕ್ಕಿ ಗಿರಣಿ ನೆನಪಾಗುತ್ತದೆ. (‘ಸಿಲುಕುಸ್ಥಿತಿ’ ಎಂಬುದು ಎಂಟ್ಯಾಂಗಲ್‌ಮೆಂಟಿಗೆ, ಅಂದರೆ ಕಣಗಳು ದೂರವಿದ್ದರೂ ಅವುಗಳ ಸ್ಥಿತಿಗಳು ಒಂದಕ್ಕೊಂದು ಹೆಣೆದುಕೊಂಡಿರುವುದಕ್ಕೆ, ನಾನೇ ಕಟ್ಟಿಕೊಂಡದ್ದು. ಅದರ ಬಗ್ಗೆಯೂ ಆಕ್ಷೇಪಗಳಿದ್ದರೆ ತಿಳಿಸಬಹುದು, ಆದರೆ ದಯವಿಟ್ಟು ಪ್ರತ್ಯೇಕ ಪತ್ರದಲ್ಲಿ.)

ಸರ್ಕಾರಿ ಕನ್ನಡದಲ್ಲಿ ‘ಸಾರ್ವಜನಿಕ-ಖಾಸಗಿ ಸಹಭಾಗಿತ್ವ’ ಎಂಬುದು ನೆಲೆನಿಂತಿರುವುದರಿಂದ ‘ಸಹಭಾಗಿತ್ವ’ ಸುಲಭದ ದಾರಿಯಂತೆ ಕಾಣುತ್ತದೆ. ಆದರೂ ಟೋಲ್ ರಸ್ತೆ, ವಿಮಾನ ನಿಲ್ದಾಣಗಳ ಸಹವಾಸದಿಂದ ಅದೂ ಗುತ್ತಿಗೆಯ ಬಣ್ಣ ಪಡೆದಿದೆ. ಉಳಿದದ್ದು ‘ಸಹಯೋಗ’. ಅರ್ಥದ ದೃಷ್ಟಿಯಿಂದ ಇದೇ ಅತ್ಯಂತ ಸೂಕ್ತವಾದ ಪದವೆಂದು ನನ್ನ ಅಭಿಪ್ರಾಯ. ಆದರೆ ನಮ್ಮ ಆಮಂತ್ರಣ ಪತ್ರಿಕೆಗಳು ಇದನ್ನು ಕೆಡಿಸಿಟ್ಟಿವೆ. ‘ಇವರ ಆಶ್ರಯದಲ್ಲಿ, ಇವರ ಸಹಯೋಗದೊಂದಿಗೆ, ಇವರ ಸಹಕಾರದಿಂದ’ ಎಂದು ಮೂರು ಸಾಲು ಅಚ್ಚಾಗಿದ್ದರೆ ಸಭಾಂಗಣ ಕೊಟ್ಟವರು ಯಾರು, ಹಣ ಕೊಟ್ಟವರು ಯಾರು, ಬರೀ ಹೆಸರು ಕೊಟ್ಟವರು ಯಾರು ಎಂಬುದನ್ನು ಬಲ್ಲವರೇ ಬಲ್ಲರು. ಬಹುಮಟ್ಟಿಗೆ ಸಹಯೋಗ ಎಂದರೆ ಚೆಕ್ಕು ಎಂದೇ ಅರ್ಥ. ಹಾಗಿದ್ದರೂ ನನ್ನ ಲೇಖನದಲ್ಲಿ ಕೊಲ್ಯಾಬರೇಶನ್ ಎಂಬುದಕ್ಕೆ ‘ಸಹಯೋಗ’, ಕೆಲಸವನ್ನು ಹೇಳುವಲ್ಲಿ ‘ಜಂಟಿ ಸಂಶೋಧನೆ’ ಎಂದು ಇಟ್ಟುಕೊಂಡಿದ್ದೇನೆ. ‘ಜಂಟಿ’ ಬ್ಯಾಂಕಿನಿಂದ ಬಂದ ಪರಿಚಿತ ಮಾತು. ಅದರ ಅಪಾಯವೂ ಬ್ಯಾಂಕಿನಿಂದಲೇ ಬರುತ್ತದೆ, ಏಕೆಂದರೆ ಜಂಟಿ ಖಾತೆಯಿಂದ ಇಬ್ಬರೂ ಹಣ ತೆಗೆಯಬಹುದು, ಇಲ್ಲಿ ಹಾಗಿಲ್ಲ.

‘ತಂತ್ರಜ್ಞಾನ’ ಎನ್ನಬೇಕೋ ‘ತಂತ್ರಜ್ಞಾನಗಳು’ ಎನ್ನಬೇಕೋ ಎಂಬ ಬಹುವಚನದ ವಿಷಯವನ್ನು ಒಂದೆರಡು ಮಾತಿನಲ್ಲಿ ಮುಗಿಸುತ್ತೇನೆ. ಕೇಂದ್ರ ಸಚಿವ ಸಂಪುಟವು 2023ರ ಏಪ್ರಿಲ್ 19ರಂದು ರೂ. 6003.65 ಕೋಟಿ ವೆಚ್ಚದ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿಗೆ ಒಪ್ಪಿಗೆ ನೀಡಿತು. ಅದರ ನಾಲ್ಕು ಕೇಂದ್ರಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಗಣನೆ (ಕಂಪ್ಯೂಟಿಂಗ್), ಮದ್ರಾಸಿನ ಐಐಟಿಗೆ ಸಂವಹನ, ಮುಂಬಯಿಯ ಐಐಟಿಗೆ ಸಂವೇದನೆ (ಸೆನ್ಸಿಂಗ್) ಮತ್ತು ಮಾಪನ, ದೆಹಲಿಯ ಐಐಟಿಗೆ ಸಾಮಗ್ರಿ ಮತ್ತು ಸಾಧನಗಳು ಬಂದಿವೆ. ಈ ನಾಲ್ಕೂ ಬೇರೆ ಬೇರೆ ತಂತ್ರಜ್ಞಾನಗಳಾದ್ದರಿಂದ ಮೊದಲ ಉಲ್ಲೇಖದಲ್ಲಿ ‘ತಂತ್ರಜ್ಞಾನಗಳು’ ಎಂದೂ ಮುಂದೆ ‘ತಂತ್ರಜ್ಞಾನ’ ಎಂದೂ ಬರೆದಿದ್ದೇನೆ. ನಪುಂಸಕಲಿಂಗದಲ್ಲಿ ನಾವು ಬಹುವಚನವನ್ನು ಪ್ರತಿಸಲವೂ ಹಚ್ಚುವವರಲ್ಲ.

ಇನ್ನು ಮುಖ್ಯ ಪ್ರಶ್ನೆ. ಎಲ್ಲ ದೇಶಗಳ ಹಣವೂ ಒಂದೆಡೆ ಸೇರಿ ಅಲ್ಲಿಂದ ಹಂಚಿಕೆಯಾಗುವ ಬಗೆಗೆ ‘ಸಾಮಾನ್ಯ ನಿಧಿ’ ಎನ್ನುವಂತಿಲ್ಲ, ಅದು ಪಂಚಾಯಿತಿ, ಪುರಸಭೆಗಳ ಲೆಕ್ಕದಲ್ಲಿ ಬೇರೆಯೇ ಅರ್ಥ ಪಡೆದಿದೆ. ಕೂಡುಕುಟುಂಬದ ಮಾದರಿಯಲ್ಲಿ ‘ಕೂಡುನಿಧಿ’ ಎಂದರೆ ಹೇಗೆ? ಕ್ವಾಂಟ್‌ಎರಾದಂಥ ಎರಡನೆಯ ಬಗೆಯೂ ಇದೇ ಹೋಲಿಕೆಯಿಂದ ತಿಳಿಯಾಗುತ್ತದೆ: ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡಿದ್ದಾರೆ, ಆದರೆ ಹೊಲದ ಕೆಲಸ ಒಟ್ಟಿಗೇ ನಡೆದಿದೆ. ಇಲ್ಲಿ ಪ್ರತಿಯೊಂದು ದೇಶವೂ ಹೊರುವ ಪಾಲಿಗೆ ‘ವಂತಿಗೆ’ ಎಂಬ ಪದ ನನ್ನ ಮನಸ್ಸಿನಲ್ಲಿದೆ. ಊರಹಬ್ಬಕ್ಕೆ, ತೇರಿಗೆ ಮನೆಗಿಷ್ಟು ಎಂದು ಎತ್ತುವ ಹಣ ಅದು. ಕೊಡುವವನು ದೊಡ್ಡವನು, ಪಡೆಯುವವನು ಚಿಕ್ಕವನು ಎಂಬ ಭಾವ ಅದರಲ್ಲಿಲ್ಲ. ಕೊಟ್ಟವನಿಗೇ ಹಬ್ಬವೂ ಸೇರಿದ್ದು. ಆ ಗುಣಕ್ಕಾಗಿಯೇ ನನಗೆ ಅದು ‘ಅನುದಾನ’ಕ್ಕಿಂತ ಹೆಚ್ಚು ಒಪ್ಪಿಗೆಯಾಗಿದೆ. ಆದರೆ ವಂತಿಗೆಯ ಹಣವೆಲ್ಲ ಕೊನೆಗೆ ಒಬ್ಬ ಯಜಮಾನನ ಕೈಯಲ್ಲಿ ಸೇರುತ್ತದೆಯಲ್ಲವೇ? ಹಾಗಾದರೆ ಅದು ಕೂಡುನಿಧಿಗೇ ಹೆಚ್ಚು ಸರಿಹೊಂದುವ ಪದವಾಯಿತು, ಬೇರೆ ಒಲೆಗಳಿಗಲ್ಲ. ಈ ತೊಡಕನ್ನು ತಪ್ಪಿಸಲು ‘ಮುಯ್ಯಾಳು’ ಎಂಬುದನ್ನೂ ಯೋಚಿಸಿದೆ. ಒಬ್ಬರ ಗದ್ದೆಗೆ ಇನ್ನೊಬ್ಬರು ಆಳಾಗಿ ಹೋಗುವ ಆ ಪದ್ಧತಿಯಲ್ಲಿ ಹಣ ಕೈಬದಲಾಗುವುದೇ ಇಲ್ಲ. ಹೋಲಿಕೆಯಾಗಿ ಚೆನ್ನಾಗಿದೆ, ಪಾರಿಭಾಷಿಕವಾಗಿ ನಿಲ್ಲಲಾರದು.

ಮೂರನೆಯ ಬಗೆಯೊಂದಿದೆ, ಅದಕ್ಕೆ ಮಾತ್ರ ಕನ್ನಡದಲ್ಲಿ ಹೇಳಿ ಮಾಡಿಸಿದಂಥ ಪದವಿದೆ. 2023ರ ಜೂನ್‌ನಲ್ಲಿ ಭಾರತ ಮತ್ತು ಅಮೆರಿಕ ತಮ್ಮ ಜಂಟಿ ಹೇಳಿಕೆಯಲ್ಲಿ ಕೃತಕ ಬುದ್ಧಿಮತ್ತೆ ಮತ್ತು ಕ್ವಾಂಟಮ್ ತಂತ್ರಜ್ಞಾನಗಳನ್ನು ಕೂಡಿ ಬೆಳೆಸಿ ಮಾರುಕಟ್ಟೆಗೆ ತರುವುದಕ್ಕಾಗಿ 20 ಲಕ್ಷ ಡಾಲರ್‌ಗಳ ಕಾರ್ಯಕ್ರಮವೊಂದನ್ನು ಪ್ರಕಟಿಸಿದವು. ಅದು ನಡೆಯುವುದು ಎರಡು ದೇಶಗಳ ವಿಜ್ಞಾನ ಮತ್ತು ತಂತ್ರಜ್ಞಾನ ಎಂಡೋಮೆಂಟ್ ನಿಧಿಯ, ಅಂದರೆ ಮೂಲಧನವನ್ನು ಉಳಿಸಿಕೊಂಡು ಅದರ ಆದಾಯದಿಂದ ಖರ್ಚು ಮಾಡುವ ನಿಧಿಯ, ಅಡಿಯಲ್ಲಿ. ಶಾಸನಗಳ ಕಾಲದಿಂದ ದತ್ತಿ ಉಪನ್ಯಾಸಗಳ ಇಂದಿನವರೆಗೆ ಬಳಕೆ ತಪ್ಪದೆ ಬಂದಿರುವ ‘ದತ್ತಿ’ ಇಲ್ಲಿ ಸರಾಗವಾಗಿ ಕೂರುತ್ತದೆ. ‘ಭಾರತ-ಅಮೆರಿಕ ವಿಜ್ಞಾನ ಮತ್ತು ತಂತ್ರಜ್ಞಾನ ದತ್ತಿನಿಧಿ’ ಎಂದು ನಿಸ್ಸಂಕೋಚವಾಗಿ ಬರೆದಿದ್ದೇನೆ. ‘ದತ್ತಿ’ ಎಂದರೆ ಧರ್ಮಾರ್ಥ ಎಂಬ ಭಾವನೆ ಬರುತ್ತದೆ ಎಂದು ಕರಡು ಓದಿದ ಗೆಳೆಯರೊಬ್ಬರು ಆಕ್ಷೇಪಿಸಿದರು. ನನಗೆ ಹಾಗೆನಿಸಲಿಲ್ಲ.

ಸದ್ಯಕ್ಕೆ ನನ್ನ ಶೀರ್ಷಿಕೆ ‘ಕ್ವಾಂಟಮ್ ತಂತ್ರಜ್ಞಾನಗಳು: ದೇಶಗಳ ಜಂಟಿ ಸಂಶೋಧನೆಗೆ ಹಣ ಎಲ್ಲಿಂದ?’ ಎಂದಿದೆ. ಒಳಗೆ ಗ್ರ್ಯಾಂಟ್ ಎಂಬಲ್ಲಿ ಧನಸಹಾಯ, ಒಂದೇ ಬೊಕ್ಕಸದ ಬಗೆಗೆ ಕೂಡುನಿಧಿ ಎಂದು ಬಳಸಿದ್ದೇನೆ. ತಂತಮ್ಮವರಿಗೆ ತಾವೇ ಕೊಡುವ ಬಗೆಗೆ ಒಂದೇ ಪದ ಸಿಗದೆ ‘ಅವರವರ ಪಾಲು ಅವರವರಿಗೆ’ ಎಂಬ ಮೂರ್ನಾಲ್ಕು ಪದಗಳ ವಿವರಣೆಯನ್ನೇ ಪ್ರತಿಸಲವೂ ಎಳೆದುಕೊಂಡು ಹೋಗಿದ್ದೇನೆ. ಇದಕ್ಕೆ ನಿಮ್ಮ ಕಡೆ ಬಳಕೆಯಲ್ಲಿರುವ ಪದವೇನಾದರೂ ಇದೆಯೇ? ಮದುವೆ, ಜಾತ್ರೆ, ಕೆರೆ ಹೂಳೆತ್ತುವ ಕೆಲಸ ಯಾವುದೇ ಆಗಲಿ, ಒಟ್ಟು ಕೆಲಸಕ್ಕೆ ಹಣವನ್ನು ಒಂದೆಡೆ ಸೇರಿಸದೆ ಪ್ರತಿ ಮನೆಯೂ ತನ್ನ ಭಾಗದ ಖರ್ಚನ್ನು ತಾನೇ ನೋಡಿಕೊಳ್ಳುವ ಏರ್ಪಾಡಿಗೆ ಹೆಸರಿದ್ದರೆ ತಿಳಿಸಬೇಕು. ಜೊತೆಗೆ ಧಾರವಾಡ, ವಿಜಯಪುರದ ಕಡೆಯ ಸದಸ್ಯರಲ್ಲಿ ಇನ್ನೊಂದು ಕೋರಿಕೆ: ನಿಮ್ಮಲ್ಲಿ ಹಬ್ಬಕ್ಕೆ ‘ಪಟ್ಟಿ’ ಎತ್ತುವುದೇ ಹೆಚ್ಚು ರೂಢಿಯಲ್ಲಿರುವಾಗ, ಅಚ್ಚಾದ ಲೇಖನದಲ್ಲಿ ‘ವಂತಿಗೆ’ ಎಂಬುದನ್ನು ಕಂಡರೆ ಅದು ಥಟ್ಟನೆ ಅರ್ಥವಾಗುತ್ತದೆಯೇ, ಅಥವಾ ಹಳೇ ಮೈಸೂರಿನವರ ಮಾತೆಂದು ಬದಿಗೆ ಸರಿಯುತ್ತದೆಯೇ?