ಫ್ರೀ ವಾಲ್ಯೂಮ್‌ಗೆ ಕನ್ನಡದಲ್ಲಿ ಏನೆನ್ನಬೇಕು? (ತುರ್ತು)

ನಮಸ್ಕಾರ. ವಿಜ್ಞಾನ ವಸ್ತುಪ್ರದರ್ಶನವೊಂದರ ಫಲಕಗಳು ನಾಳೆ ಸಂಜೆ ಮುದ್ರಣಕ್ಕೆ ಹೋಗುತ್ತಿವೆ. ಗಾಜು, ಪ್ಲಾಸ್ಟಿಕ್‌ನಂಥ ಅಸ್ಫಟಿಕ (ಅಣುಗಳು ಕ್ರಮವಾಗಿ ಜೋಡಣೆಯಾಗಿರದ) ವಸ್ತುಗಳಲ್ಲಿ ಅಣುಗಳು ತುಂಬದೆ ಉಳಿದ ಜಾಗಕ್ಕೆ ಫ್ರೀ ವಾಲ್ಯೂಮ್ ಎನ್ನುತ್ತಾರಲ್ಲ, ಅದಕ್ಕೆ ಪದ ಬೇಕು. ‘ಮುಕ್ತ ಗಾತ್ರ’ ಸರಿಯೇ? ‘ರಂಧ್ರ’ ಎಂದರೆ ಜನರಿಗೆ ಬೇಗ ತಿಳಿದೀತೇ?

ಮೊದಲ ಉತ್ತರ:

‘ರಂಧ್ರ’ ಖಂಡಿತ ಬೇಡ. ರಂಧ್ರವೆಂದರೆ ಇದ್ದಲ್ಲೇ ಇರುವ ತೂತು. ಇಲ್ಲಿರುವುದು ನ್ಯಾನೊಮೀಟರಿಗಿಂತ ಚಿಕ್ಕ ಎಡೆ. ಪ್ಲಾಸ್ಟಿಕ್‌ನ ಉದ್ದನೆಯ ಅಣುಸರಪಳಿ ಮಿಸುಕಿದಂತೆ ಅದೂ ಜಾಗ ಬದಲಿಸುತ್ತದೆ. ‘ಮುಕ್ತ’ವೂ ಸಲ್ಲದು. ಮುಕ್ತ ಎಲೆಕ್ಟ್ರಾನ್ ಪರಮಾಣುವಿನ ಹಿಡಿತದಿಂದ ಬಿಡುಗಡೆಯಾದದ್ದು. ಇಲ್ಲಿ ಯಾವುದು ಯಾವುದರಿಂದ ಬಿಡುಗಡೆಯಾಯಿತು?

‘ತೆರಪು’ ಎನ್ನಿ. ‘ತೆರೆ’ ಧಾತುವಿನ ಬಳಗದ ಅಚ್ಚಗನ್ನಡ ಪದ. ಹಳಗನ್ನಡದಲ್ಲಿ ಶಕಟರೇಫದಿಂದ, ಅಂದರೆ ‘ಱ’ ಅಕ್ಷರದಿಂದ ಬರೆಯುತ್ತಿದ್ದರು. ತಮಿಳಿನ ‘ತಿಱಪ್ಪು’ ಇದರ ಒಡಹುಟ್ಟು. ಪಿವಿಸಿಯನ್ನೇ ನೋಡಿ: ನೀರಿನ ಪೈಪಿನಲ್ಲಿ ಅದು ಗಡುಸು, ವಿದ್ಯುತ್ ತಂತಿಯ ಹೊದಿಕೆಯಲ್ಲಿ ಮೆದು. ಹೊದಿಕೆಗೆ ಬೆರೆಸಿದ ಎಣ್ಣೆಯಂಥ ದ್ರವ ಸರಪಳಿಗಳ ನಡುವೆ ತೆರಪನ್ನು ಹೆಚ್ಚಿಸಿರುತ್ತದೆ, ಅವು ಸರಾಗವಾಗಿ ಜಾರುತ್ತವೆ. ಇದೇ ವಾಕ್ಯದಲ್ಲಿ ‘ಮುಕ್ತ ಗಾತ್ರ’ ಹಾಕಿ ಓದಿ, ಎಷ್ಟು ಜನಕ್ಕೆ ಅರ್ಥವಾದೀತು? ಮನೆಯಲ್ಲೇ ಪದವಿರುವಾಗ ಸಂಸ್ಕೃತದ ಬಾಗಿಲು ತಟ್ಟುವ ಚಾಳಿಯನ್ನು ಎಂದು ಬಿಟ್ಟೇವು?

ಎರಡನೆಯ ಉತ್ತರ:

ಒಪ್ಪುವುದಿಲ್ಲ. ತೆರಪು ಎಂಬುದು ಬಿಡಿ ಎಡೆಯ ಹೆಸರು. ಕೇಳಿರುವುದು ಅವೆಲ್ಲದರ ಮೊತ್ತಕ್ಕೆ. ಪ್ರಯೋಗಾಲಯದಲ್ಲೂ ಇವೆರಡು ಬೇರೆಯೇ. ವಸ್ತುವಿನೊಳಗೆ ಪಾಸಿಟ್ರಾನ್ (ಎಲೆಕ್ಟ್ರಾನಿನ ಪ್ರತಿಕಣ) ಕಳಿಸಿ ಅದು ಎಷ್ಟು ಹೊತ್ತು ಉಳಿಯಿತೆಂದು ಅಳೆದರೆ ತಿಳಿಯುವುದು ಒಂದೊಂದು ಎಡೆಯ ಸರಾಸರಿ ಅಳತೆ. 1955ರಲ್ಲಿ ವಿಲಿಯಮ್ಸ್, ಲ್ಯಾಂಡೆಲ್ ಮತ್ತು ಫೆರಿ ಎಂಬ ವಿಜ್ಞಾನಿಗಳು ಪಾಲಿಮರ್ (ಅಣುಸರಪಳಿಗಳ ವಸ್ತು) ಗಾಜಿನಂತೆ ಗಡುಸಾಗುವ ಉಷ್ಣತೆಯಲ್ಲಿ ಸುಮಾರು ಶೇ 2.5 ಎಂದದ್ದು ಇಡೀ ಗಾತ್ರದಲ್ಲಿ ಫ್ರೀ ವಾಲ್ಯೂಮಿನ ಪಾಲನ್ನು. ಗಾತ್ರವೆನ್ನದೆ ಈ ಪಾಲನ್ನು ಹೇಳುವುದು ಹೇಗೆ?

ಇನ್ನು ‘ಗಾತ್ರ’ ಸಂಸ್ಕೃತದ್ದೆಂಬ ದೂರು. ಅಲ್ಲಿ ಅದಕ್ಕೆ ಮೈ, ಅಂಗ ಎಂದು ಅರ್ಥ. ಅಳತೆಯ ಪದವಾಗಿ ದುಡಿಸಿಕೊಂಡವರು ನಾವು; ಶಾಲೆಯಲ್ಲಿ ಸಾಂದ್ರತೆಯ ಪಾಠಕ್ಕೆ ಮಕ್ಕಳು ಕಲಿಯುವುದೂ ಇದನ್ನೇ. ಎರವಲು ಪದ ಇಷ್ಟು ಕಾಲ ದುಡಿದ ಮೇಲೂ ಹೊರಗಿನದೆನ್ನುವುದು ಅನ್ಯಾಯ. ‘ತೆರಪುಗಾತ್ರ’ ಎಂದು ರಾಜಿ ಮಾಡಲೂ ಹೋಗಬೇಡಿ, ಕನ್ನಡ-ಸಂಸ್ಕೃತ ಬೆರಕೆಯ ಅರಿಸಮಾಸವಾಗುತ್ತದೆ.

ಫಲಕಕ್ಕೆ ಹೀಗೆ ಬರೆಯಿರಿ: ‘ಪ್ಲಾಸ್ಟಿಕ್ ತಣಿಯುವಾಗ ಅಣುಗಳ ನಡುವಿನ ಮುಕ್ತ ಗಾತ್ರ ಕುಗ್ಗುತ್ತದೆ. ಗಡುಸಾದ ಮೇಲೂ ವರ್ಷಗಟ್ಟಲೆ ನಿಧಾನವಾಗಿ ಕುಗ್ಗುತ್ತಲೇ ಇರುತ್ತದೆ. ಹಳೆಯ ಪ್ಲಾಸ್ಟಿಕ್ ಪೆಡಸಾಗುವುದಕ್ಕೆ ಇದೂ ಒಂದು ಕಾರಣ.’