ತತ್ವಪದ ಧ್ವನಿಮುದ್ರಣಕ್ಕೆ ಮೈಕ್ ಪ್ರೀಆಂಪ್: ಗುಂಯ್ ಸದ್ದು, ಮಂಕು ಧ್ವನಿ

ಪ್ರಶ್ನೆ (ಯಾದಗಿರಿ):
ಎಲ್ಲರಿಗೂ ಶರಣು. ನಮ್ಮೂರ ಭಜನಾ ಮಂಡಳಿಯ ಹಿರಿಯರು ಹಾಡುವ ತತ್ವಪದಗಳನ್ನು ಧ್ವನಿಮುದ್ರಿಸಿಕೊಳ್ಳಬೇಕೆಂದು ಎಲೆಕ್ಟ್ರೆಟ್ ಮೈಕ್‌ಗೆ ಎಲ್ಎಂ358 ಆಪ್ ಆಂಪ್ ಐಸಿ ಬಳಸಿ ಪ್ರೀಆಂಪ್ (ಮೈಕ್‌ನ ಸಣ್ಣ ಸಂಕೇತವನ್ನು ಹಿಗ್ಗಿಸುವ ಸರ್ಕ್ಯೂಟ್) ಕಟ್ಟಿದ್ದೇನೆ. 12 ವೋಲ್ಟ್ ಅಡಾಪ್ಟರ್‌ನಿಂದ 10 ಕಿಲೋಓಮ್ ರೆಸಿಸ್ಟರ್ ಮೂಲಕ ಮೈಕ್‌ಗೆ ವಿದ್ಯುತ್ ಹೋಗುತ್ತದೆ. ನಾನ್‌ಇನ್ವರ್ಟಿಂಗ್ ಜೋಡಣೆಯಲ್ಲಿ ಫೀಡ್‌ಬ್ಯಾಕ್‌ಗೆ 1 ಮೆಗಾಓಮ್, ಗ್ರೌಂಡ್ ಕಡೆಗೆ 1 ಕಿಲೋಓಮ್ ಮತ್ತು ಅದರ ಸರಣಿಯಲ್ಲಿ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇವೆ. ಹಾಡೇನೋ ಕೇಳುತ್ತದೆ, ಆದರೆ ಹಿಂದೆ ಎಡೆಬಿಡದ ಗುಂಯ್ ಸದ್ದಿದೆ, ತಾಳದ ನಾದವಂತೂ ಪೂರ್ತಿ ಮಂಕಾಗಿದೆ. ಐಸಿ ಬದಲಿಸಿದರೆ ಎರಡೂ ಸರಿಹೋಗುತ್ತವೆಯೇ?

ಉತ್ತರ (ಬೀದರ್):
ತಾಳದ ನಾದ ಮಂಕಾಗಲು ಗೇನ್, ಅಂದರೆ ಸಂಕೇತ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು, ಕಾರಣ. ನಿಮ್ಮ ರೆಸಿಸ್ಟರುಗಳ ಲೆಕ್ಕದಲ್ಲಿ ಗೇನ್ ಸುಮಾರು 1000 ಆಗುತ್ತದೆ. ಎಲ್ಎಂ358ರ ಗೇನ್ ಬ್ಯಾಂಡ್‌ವಿಡ್ತ್ (ಗೇನ್ ಮತ್ತು ದಾಟಿಸಬಲ್ಲ ಆವರ್ತನದ ಗುಣಲಬ್ಧ) ಹೆಚ್ಚುಕಡಿಮೆ 1 ಮೆಗಾಹರ್ಟ್ಸ್ ಆಗಿರುವುದರಿಂದ ಅಷ್ಟು ಗೇನ್‌ಗೆ ಉಳಿಯುವ ಬ್ಯಾಂಡ್‌ವಿಡ್ತ್ 1 ಕಿಲೋಹರ್ಟ್ಸ್ ಮಾತ್ರ. ಸಕಾರ, ಶಕಾರಗಳ ಸ್ಪಷ್ಟತೆಯೂ ತಾಳದ ಹೊಳಪೂ ಅದಕ್ಕಿಂತ ಮೇಲಿವೆ. 1 ಮೆಗಾಓಮ್ ತೆಗೆದು 100 ಕಿಲೋಓಮ್ ಹಾಕಿ, ಗೇನ್ 101ಕ್ಕೆ ಇಳಿಯುತ್ತದೆ. ಜೊತೆಗೆ ಎಲ್ಎಂ358 ಬದಲು ಟಿಎಲ್072 ಆಪ್ ಆಂಪ್ ಬಳಸಿದರೆ, ಅದರ 3 ಮೆಗಾಹರ್ಟ್ಸ್‌ಗೆ ಸುಮಾರು 30 ಕಿಲೋಹರ್ಟ್ಸ್‌ವರೆಗೆ ದಾರಿ ತೆರೆದಿರುತ್ತದೆ. ಎರಡರ ಕಾಲುಗಳ ಜೋಡಣೆಯೂ ಒಂದೇ. ಸದ್ದು ಸಾಲದೆನಿಸಿದರೆ ಗೇನ್ ಏರಿಸುವ ಮೊದಲು ಮೈಕನ್ನು ಹಾಡುವವರ ಹತ್ತಿರ ಸರಿಸಿ ನೋಡಿ.

ಉತ್ತರ (ಕಲಬುರಗಿ):
ಮೇಲಿನ ಮಾತು ಸರಿ, ಆದರೆ ಗುಂಯ್ ಸದ್ದಿಗೆ ಐಸಿಯನ್ನು ದೂರುವುದು ಬೇಡ. ಎಲೆಕ್ಟ್ರೆಟ್ ಮೈಕ್‌ನೊಳಗೆ ಒಂದು ಸಣ್ಣ ಎಫ್ಇಟಿ (ಒಂದು ಬಗೆಯ ಟ್ರಾನ್ಸಿಸ್ಟರ್) ಇರುತ್ತದೆ. ಅಡಾಪ್ಟರ್‌ನ 100 ಹರ್ಟ್ಸ್ ಏರಿಳಿತ ಆ 10 ಕಿಲೋಓಮ್ ಮೂಲಕ ಬಹುಪಾಲು ಹಾಗೆಯೇ ಮೈಕ್‌ನ ಕಾಲಿಗೆ ಬಂದು, ಧ್ವನಿಯೊಡನೆ ತಾನೂ ಸಾವಿರ ಪಟ್ಟು ಹಿಗ್ಗುತ್ತದೆ. ಆದ್ದರಿಂದ 12 ವೋಲ್ಟ್‌ನಿಂದ ಮೊದಲು 1 ಕಿಲೋಓಮ್, ಅದರ ತುದಿಯಿಂದ ಗ್ರೌಂಡ್‌ಗೆ 100 ಮೈಕ್ರೋಫ್ಯಾರಡ್, ಆ ಬಿಂದುವಿನಿಂದ ಮುಂದಕ್ಕೆ ನಿಮ್ಮ 10 ಕಿಲೋಓಮ್ ಇರಲಿ. 100 ಹರ್ಟ್ಸ್‌ನ ಏರಿಳಿತ ಅರವತ್ತರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಆಪ್ ಆಂಪ್‌ಗೆ ಅರ್ಧ ವೋಲ್ಟೇಜ್ ಕೊಡುವ ಎರಡು ರೆಸಿಸ್ಟರುಗಳ ನಡುವಿನ ಬಿಂದುವಿನಿಂದ ಗ್ರೌಂಡ್‌ಗೂ ಒಂದು ಕೆಪಾಸಿಟರ್ ಅಗತ್ಯ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ನನ್ನ ದೃಷ್ಟಿಯಲ್ಲಿ ಇಡೀ ಸರ್ಕ್ಯೂಟ್‌ನಲ್ಲಿ ಅತಿ ಮುಖ್ಯವಾದ ಬಿಡಿಭಾಗ ಅದೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು ಸರ್. ಹೇಳಿದಂತೆ ಎಲ್ಲವನ್ನೂ ಬದಲಿಸಿದೆ. ತಾಳ ಈಗ ಸ್ವಚ್ಛವಾಗಿ ಕೇಳುತ್ತದೆ, ಗುಂಯ್ ಸದ್ದೂ ಬಹಳ ತಗ್ಗಿದೆ. ಆದರೆ ಮೈಕ್‌ನ ವೈರಿಗೆ ಕೈ ತಾಗಿಸಿದರೆ ಸದ್ದು ಮತ್ತೆ ಏರುತ್ತದೆ.

ಉತ್ತರ (ಕಲಬುರಗಿ):
ಹಾಗಿದ್ದರೆ ಉಳಿದದ್ದು ಅಡಾಪ್ಟರ್‌ನಿಂದ ಬರುತ್ತಿಲ್ಲ, ಸುತ್ತಲಿನ ಕರೆಂಟ್ ಲೈನ್‌ಗಳಿಂದ ವೈರು ಹಿಡಿಯುತ್ತಿರುವ 50 ಹರ್ಟ್ಸ್. ಶೀಲ್ಡ್ ಇರುವ ಆಡಿಯೊ ಕೇಬಲ್ ಹಾಕಿ, ಅದರ ಹೆಣಿಗೆಯನ್ನು ಗ್ರೌಂಡ್‌ಗೆ ಬೆಸುಗೆ ಮಾಡಿ. ಮೈಕ್ ಕ್ಯಾಪ್ಸೂಲಿನ ಹಿಂಬದಿಯನ್ನೂ ಒಮ್ಮೆ ನೋಡಿ: ಅಲ್ಲಿರುವ ಎರಡು ಬಿಂದುಗಳಲ್ಲಿ ಯಾವುದರಿಂದ ಲೋಹದ ಕವಚಕ್ಕೆ ಸಣ್ಣ ಗೆರೆಗಳು ಹೋಗಿವೆಯೋ ಅದೇ ಗ್ರೌಂಡ್. ಅದು ತಿರುಗುಮುರುಗಾಗಿದ್ದರೆ ಕವಚವೇ ಆಂಟೆನಾ ಆಗಿ ಸದ್ದನ್ನು ಹಿಡಿಯುತ್ತದೆ.